ಸೋಫಾ ಅಕ್ಕನ ಇಪ್ಪತ್ತಮೂರು ರೆಕಾರ್ಡು

ಹಳೆ ಸಾಮಾನಿನವನು ಆ ದಿನ ಸೋಫಾ ಅಕ್ಕನ ಅಂಗಡಿ ಮುಂದೆ ಗಾಡಿಯಿಂದ ಇಳಿಸಿದ್ದು ಒಂದು ಸೋಫಾ, ಎರಡು ಕುರ್ಚಿ, ಒಂದು ರೇಡಿಯೋಗ್ರಾಮ್. ಸೋಫಾ ಮತ್ತು ಕುರ್ಚಿಗಳಿಗೆ ಹೊಸ ಬಟ್ಟೆ ಹಾಕಬೇಕಿತ್ತು. ರೇಡಿಯೋಗ್ರಾಮ್ ಸೊಂಟದೆತ್ತರದ ಮರದ ಪೆಟ್ಟಿಗೆ. ಮುಚ್ಚಳ ಎತ್ತಿದರೆ ರೆಕಾರ್ಡ್ ತಿರುಗುವ ತಟ್ಟೆ, ಮುಂಭಾಗದಲ್ಲಿ ಬಟ್ಟೆಯ ಹಿಂದೆ ಸ್ಪೀಕರು, ಪಕ್ಕದಲ್ಲಿ ರೆಕಾರ್ಡ್ ಇಡುವ ಗೂಡು. ಸ್ಪೀಕರಿನ ಬಟ್ಟೆಯನ್ನು ಇಲಿ ತಿಂದು ಜಾಲರಿ ಮಾಡಿತ್ತು.

ಹತ್ತು ದಿನದಲ್ಲಿ ಎಲ್ಲ ಕೆಲಸವೂ ಮುಗಿಯಿತು. ಒಯ್ಯಲು ಬಂದವನು ಸೋಫಾ ಏರಿಸಿದ, ಕುರ್ಚಿ ಏರಿಸಿದ, ರೇಡಿಯೋಗ್ರಾಮಿನ ಮುಂದೆ ನಿಂತು ತಲೆ ಕೆರೆದುಕೊಂಡ.

“ಇದನ್ನ ಯಾರೂ ಕೇಳ್ತಿಲ್ಲಕ್ಕ. ನನ್ನ ಗೋಡೌನಲ್ಲಿ ಕಾಲಿಡೋಕೆ ಜಾಗ ಇಲ್ಲ. ನೀನೇ ಇಟ್ಕೊಂಡುಬಿಡು. ಹೊಟ್ಟೆಯಲ್ಲಿ ಒಂದಷ್ಟು ರೆಕಾರ್ಡೂ ಇವೆ.”

“ನಾನೇನು ಮಾಡ್ಲಿ ಅದನ್ನ?”

“ಮೇಲೆ ಕತ್ತರಿ, ನೂಲು ಇಟ್ಕೋ. ಒಳ್ಳೆ ಮರ,” ಎಂದವನೇ ಗಾಡಿ ಹತ್ತಿದ.

ಸೋಫಾ ಅಕ್ಕ ನಿಜವಾಗಿಯೂ ಅದರ ಮೇಲೆ ಕತ್ತರಿ, ನೂಲು ಇಟ್ಟಳು. ಎರಡು ವಾರ ಅದು ಮೇಜಾಗಿಯೇ ಇತ್ತು.

ಆ ಬೀದಿಯಲ್ಲಿ ಸೋಫಾ ಅಕ್ಕನನ್ನು ಅರಿಯದವರಿಲ್ಲ. ವಯಸ್ಸು ಐವತ್ನಾಲ್ಕು. ಅಪ್ಪನಿಂದ ಕಲಿತ ಕಸುಬು. ಹಳೆ ಬಟ್ಟೆ ಕಿತ್ತು, ಸ್ಪ್ರಿಂಗು ಬಿಗಿದು, ನಾರು ತುಂಬಿ, ಮೇಲೆ ಹೊಸದನ್ನು ಎಳೆದು ಮೊಳೆ ಹೊಡೆಯುವುದರಲ್ಲಿ ಅವಳ ಕೈ ಪಳಗಿತ್ತು. ಬೇರೆಯವರು ಸ್ಟೇಪಲ್ ಗನ್ ಹಿಡಿದು ವರ್ಷಗಳಾದರೂ ಇವಳಿಗೆ ಇನ್ನೂ ಸಣ್ಣ ಮೊಳೆಯೇ ಬೇಕು. ಹತ್ತು ಮೊಳೆ ಬಾಯಲ್ಲಿಟ್ಟುಕೊಂಡು ನಾಲಿಗೆಯಿಂದ ಒಂದೊಂದನ್ನೇ ತುದಿಗೆ ತಂದು ಹೊಡೆಯುವಳು. ಹಾಗಾಗಿ ಕೆಲಸದ ಹೊತ್ತಿನಲ್ಲಿ ಅವಳು ಮಾತಾಡುವಂತಿರಲಿಲ್ಲ. ಮಾತಾಡಲು ಜನವೂ ಇರಲಿಲ್ಲ ಅನ್ನಿ.

ಇದ್ದವನೊಬ್ಬ ಗಂಡ. ಅಂಗಡಿಯ ಮೇಲಿನ ಎರಡು ಕೋಣೆಯೇ ಅವರ ಮನೆ. ಅವನು ಮೂವತ್ತೊಂದು ವರ್ಷ ಹನ್ನೊಂದು ಮಹಡಿಯ ಕಚೇರಿಯೊಂದರಲ್ಲಿ ಲಿಫ್ಟ್ ನಡೆಸಿದವನು. ಆ ದಿನಗಳಲ್ಲಿ ಸಂಜೆ ಮನೆಗೆ ಬಂದರೆ ಬಾಯಿ ನಿಲ್ಲುತ್ತಿರಲಿಲ್ಲ. “ಏಳನೇ ಮಹಡಿಯವಳು ‘ನಾನು ಅವನ ಮುಖಕ್ಕೇ ಹೇಳಿಬಿಟ್ಟೆ’ ಅಂದಳು ಕಣೇ, ಅಷ್ಟರಲ್ಲಿ ಬಾಗಿಲು ತೆಗೀತು!” ಎಂದು ಅರ್ಧ ಕಥೆ ತರುವನು. ಉಳಿದರ್ಧವನ್ನು ಇಬ್ಬರೂ ಊಟದ ತಟ್ಟೆ ಮುಂದಿಟ್ಟುಕೊಂಡು ಕಟ್ಟುವರು. ಮಕ್ಕಳಿಲ್ಲದ ಮನೆಗೆ ಅದೇ ಗದ್ದಲ, ಅದೇ ನಗು. ಆಮೇಲೆ ಕಚೇರಿಗೆ ಹೊಸ ಲಿಫ್ಟ್ ಬಂತು. ಗುಂಡಿ ಒತ್ತಿದರೆ ತಾನೇ ಹೋಗುವಂಥದು. ಒಂದು ಬೆಳಿಗ್ಗೆ ಇವನು ಹೋಗಿ ನೋಡಿದರೆ ಕೂರುವ ಸ್ಟೂಲೇ ಇರಲಿಲ್ಲ.

ಅಂದಿನಿಂದ ಒಂದೂವರೆ ವರ್ಷ, ಅವನು ಮೇಲಿನ ಕಿಟಕಿಯ ಪಕ್ಕ ಕೂತವನು ಕೂತೇ ಇದ್ದ. ಜಗಳವಿಲ್ಲ, ಸಿಡುಕಿಲ್ಲ. ಕೇಳಿದರೆ “ಹೂಂ”, ಕೇಳದಿದ್ದರೆ ಅದೂ ಇಲ್ಲ. “ರೀ, ಕೆಳಗೆ ಬಂದು ಕೂತ್ಕೊಳ್ಳಿ, ನಾಲ್ಕು ಜನ ಬರ್ತಾರೆ” ಎಂದು ಕರೆದು ಕರೆದು ಸೋಫಾ ಅಕ್ಕ ಸೋತಳು. ಡಾಕ್ಟರ ಹತ್ತಿರ ಕರೆದೊಯ್ದಳು. ಅವರು ನಡೆದಾಡಿ ಎಂದರು. ಅವನು ಕಿಟಕಿಯಿಂದ ಅಡುಗೆಮನೆಗೆ ನಡೆದ, ಅಡುಗೆಮನೆಯಿಂದ ಕಿಟಕಿಗೆ ನಡೆದ.

ಒಂದು ಮಧ್ಯಾಹ್ನ ಕತ್ತರಿ ರೇಡಿಯೋಗ್ರಾಮಿನ ಹಿಂದೆ ಬಿತ್ತು. ಅದನ್ನು ಎಳೆದು ತೆಗೆಯುವಾಗ ತಂತಿ ಕೈಗೆ ಸಿಕ್ಕಿತು. ನೋಡೇಬಿಡೋಣ ಎಂದು ಪ್ಲಗ್ಗಿಗೆ ಸಿಕ್ಕಿಸಿದಳು. ಪುಟ್ಟ ಕೆಂಪು ದೀಪ ಹತ್ತಿತು. ಗೂಡಿನಿಂದ ಕೈಗೆ ಬಂದ ಮೊದಲ ರೆಕಾರ್ಡನ್ನು ತೆಗೆದಳು. ಕವರಿನ ಮೇಲೆ ಉದ್ದ ಕೂದಲಿನ ನಾಲ್ವರು ಕೆಟ್ಟ ಕಾರೊಂದಕ್ಕೆ ಒರಗಿ ನಿಂತಿದ್ದರು, ಅದನ್ನು ಕೆಡಿಸಿದ್ದು ನೀವೇ ಎಂಬಂತೆ ದುರುಗುಟ್ಟಿಕೊಂಡು. ತಟ್ಟೆಯ ಮೇಲಿಟ್ಟು ಮುಳ್ಳು ಇಳಿಸಿದಳು.

ಅಷ್ಟೇ. ಗಿಟಾರು ಕಿರುಚಿತು, ಡ್ರಮ್ಮು ಅಟ್ಟ ಹಾರಿಸುವಂತೆ ಗುದ್ದಿತು, ಬಾಯಲ್ಲಿದ್ದ ಮೊಳೆಗಳಲ್ಲಿ ಎರಡು ನೆಲಕ್ಕೆ ಬಿದ್ದವು. ಗಾಬರಿಯಲ್ಲಿ ಯಾವ ಗುಂಡಿ ತಿರುಗಿಸಬೇಕೋ ತಿಳಿಯದೆ ಇನ್ನಷ್ಟು ಜೋರು ಮಾಡಿದಳು. ಆಗ ಮೆಟ್ಟಿಲಿನ ಮೇಲೆ ಹೆಜ್ಜೆ ಸಪ್ಪಳ. ಒಂದೂವರೆ ವರ್ಷದ ಮೇಲೆ ಗಂಡ ತಾನಾಗಿಯೇ ಅಂಗಡಿಗೆ ಇಳಿದು ಬಂದ.

“ಏನೇ ಇದು? ಯಾರೋ ಪಾತ್ರೆ ಸಮೇತ ಮೆಟ್ಟಿಲಿಂದ ಉರುಳಿದ್ರು ಅಂದ್ಕೊಂಡೆ!”

ಅವಳು ಮೊಳೆಗಳನ್ನು ಅಂಗೈಗೆ ಉಗುಳಿ, “ಹಾಡು ಕಣ್ರೀ,” ಎಂದಳು.

“ಇದು ಹಾಡಾ? ಇವರಿಗೆ ಯಾರಾದರೂ ಊಟ ಹಾಕಿದ್ದಿದ್ರೆ ಇಷ್ಟು ಅರಚ್ತಿರಲಿಲ್ಲ.”

“ಕೂಗಿದ್ರೆ ಏನಾಯ್ತು? ಹಿಂದೆ ಆ ಡ್ರಮ್ಮಿನವನನ್ನ ಕೇಳಿ. ಒಂದು ಮೊಳೆನೂ ಸೊಟ್ಟ ಹೊಡೀತಿಲ್ಲ.”

ಅವನು ಕೇಳಿದ. ನಿಂತೇ ಕೇಳಿದ. ಆಮೇಲೆ ಅರ್ಧ ತುಂಬಿದ ಕುರ್ಚಿಯೊಂದರ ಅಂಚಿನ ಮೇಲೆ ಕೂತ. ಆ ಬದಿ ಮುಗಿದಾಗ, “ಆ ಕಡೆಯೂ ಇಷ್ಟೇ ಕೆಟ್ಟದಾಗಿರತ್ತಾ ನೋಡೋಣ, ಹಾಕು,” ಎಂದ.

ಹಾಗೆ ಶುರುವಾಯಿತು. ಗೂಡಿನಲ್ಲಿದ್ದವು ಇಪ್ಪತ್ತಮೂರು. ಮಧ್ಯಾಹ್ನಕ್ಕೊಂದು ಎಂಬ ಲೆಕ್ಕದಲ್ಲಿ ಹಾಕತೊಡಗಿದರು. ಹಾಡಿನ ಭಾಷೆ ಇಬ್ಬರಿಗೂ ಶಾಲೆಯಲ್ಲಿ ಕಲಿತಷ್ಟೇ ಗೊತ್ತು. ಪ್ರೀತಿ, ರಸ್ತೆ, ಮಳೆ, ನೀನು, ನಾನು ಇಷ್ಟು ತಿಳಿಯುತ್ತಿತ್ತು. ಉಳಿದದ್ದನ್ನು ಗಂಡ ತಾನೇ ಅರ್ಥ ಮಾಡಿ ಹೇಳುವನು, ಹೆಚ್ಚಾಗಿ ತಪ್ಪು. ಯಾವುದನ್ನು ಬೈದದ್ದು, ಯಾವುದನ್ನು ಹೊಗಳಿದ್ದು ಎಂಬುದು ವಾರದೊಳಗೇ ಗೋಜಲಾಯಿತು. ಅದಕ್ಕೆ ಸೋಫಾ ಅಕ್ಕ ಬಟ್ಟೆಯ ಮಾದರಿ ಅಂಟಿಸುವ ರಟ್ಟಿನ ಚೀಟಿಗಳನ್ನು ತೆಗೆದು, ಹಿಂಬದಿಯಲ್ಲಿ ಎರಡು ಸಾಲು ಬರೆದು ಆಯಾ ಕವರಿನೊಳಗೆ ತುರುಕಿದಳು. ಮೇಲಿನ ಸಾಲು ಅವಳದು, ಕೆಳಗಿನದು ಅವನದು.

ಕೈಯಲ್ಲಿ ಹಸಿರು ಟೆಲಿಫೋನ್ ಹಿಡಿದ ಹೆಂಗಸಿನ ಆಲ್ಬಮ್ಮಿಗೆ ಅವಳು ಬರೆದದ್ದು: “ಒಳ್ಳೆ ವೆಲ್ವೆಟ್. ಯಾವ ಕಡೆ ಕೈಯಾಡಿಸಿದರೂ ನುಣುಪು. ಐದನೇ ಹಾಡಿನಲ್ಲಿ ಉಸಿರು ಎಳೆದುಕೊಳ್ಳುವುದು ಕೇಳುತ್ತದೆ, ಅದೇ ಚೆಂದ.” ಅವನು ಬರೆದದ್ದು: “ಹನ್ನೆರಡು ಹಾಡಿನಲ್ಲಿ ಹನ್ನೆರಡು ಸಲ ಅವನು ಬಿಟ್ಟುಹೋದ. ಇವಳು ಫೋನ್ ಇಡಬಾರದೆ?”

ಕುಣಿಯುವ ಪಾಪ್ ಹಾಡುಗಳ ಒಂದು ಆಲ್ಬಮ್ ಅವಳಿಗೆ ಕಿಂಚಿತ್ತೂ ಹಿಡಿಸಲಿಲ್ಲ. “ಪೂರ್ತಿ ಮೆಷಿನ್ ಹೊಲಿಗೆ. ಒಂದು ಕಡೆಯೂ ಕೈ ತಾಗಿಲ್ಲ,” ಎಂದು ಮೂಗು ಮುರಿದಳು. ಆದರೆ ಅವನ ಕಾಲ್ಬೆರಳು ಕುಣಿಯುತ್ತಿದ್ದುದನ್ನು ಕಂಡಳು. ಕಂಡೆನೆಂದು ಹೇಳಲಿಲ್ಲ. ಹೇಳಿದರೆ ನಿಲ್ಲಿಸಿಬಿಟ್ಟಾನು ಎಂಬ ಭಯ. ಮಾರನೆಯ ದಿನ ಅವನೇ, “ನಿನ್ನೆ ಸರಿಯಾಗಿ ಕೇಳಿಸಲಿಲ್ಲ, ಅದನ್ನೇ ಇನ್ನೊಂದು ಸಲ ಹಾಕು,” ಎಂದ. ಕೇಳಿಸಿತ್ತು, ಚೆನ್ನಾಗಿಯೇ ಕೇಳಿಸಿತ್ತು.

ಇನ್ನೊಂದರಲ್ಲಿ ಒಂದು ಬದಿಗೆಲ್ಲ ಒಂದೇ ಹಾಡು. ಆರ್ಗನ್ ಏಳುತ್ತದೆ, ಗಿಟಾರು ಬರುತ್ತದೆ, ಎಲ್ಲರೂ ಸೇರಿ ಎಲ್ಲಿಗೋ ಹೊರಡುತ್ತಾರೆ. ಅವನು ನಿದ್ದೆ ಹೋದ. ಎದ್ದು, “ಇನ್ನೂ ತಲುಪಿಲ್ವಾ ಇವರು?” ಎಂದ. ಸೋಫಾ ಅಕ್ಕ ನಕ್ಕಳು ನೋಡಿ, ಬಾಯಲ್ಲಿ ಮೊಳೆ ಇದ್ದುದರಿಂದ ಗೋಡೆ ಹಿಡಿದುಕೊಂಡು ನಗಬೇಕಾಯಿತು. ಇಬ್ಬರು ಅಕ್ಕತಂಗಿಯರು ಹಾಡಿದ ಆಲ್ಬಮ್ಮೊಂದಿತ್ತು. ಅದರ ಒಂದು ಹಾಡಿನ ಕೊನೆಯಲ್ಲಿ ಒಬ್ಬಳು ತಡೆಯಲಾರದೆ ಕಿಸಕ್ಕೆಂದು ನಗುತ್ತಾಳೆ. ಅದನ್ನು ಅಳಿಸದೆ ಹಾಗೇ ಬಿಟ್ಟಿದ್ದರು. ಆ ಒಂದು ನಗೆಗಾಗಿ ಇಬ್ಬರೂ ಆ ಆಲ್ಬಮ್ಮಿಗೆ ಎಲ್ಲಕ್ಕಿಂತ ಮೇಲಿನ ಜಾಗ ಕೊಟ್ಟರು. ಅವರ ಮತ ಕೂಡಿದ್ದು ಎರಡೇ ಸಲ, ಇದೊಂದು.

ಎರಡನೆಯದು ಎಲ್ಲಕ್ಕಿಂತ ಕೆಳಗಿನ ಜಾಗ. ಕವರಿನ ಮೇಲೆ ಮಂಜು ಮುಸುಕಿದ ಕಡಲತೀರ. ಸಣಕಲು ದನಿಯವನೊಬ್ಬ ಮೂಗಿನಲ್ಲಿ ಹಾಡುತ್ತಾನೆ, ಹಿಂದೆ ಪಿಟೀಲುಗಳ ದಂಡು. “ಸ್ಪ್ರಿಂಗ್ ಕಳಚಿದ ಕುರ್ಚಿ. ಕೂತರೆ ಏಳಲಾಗದು,” ಎಂದು ಅವಳು. “ನೆಗಡಿಯಾದವನು ಮನೆಯಲ್ಲಿರಬೇಕು,” ಎಂದು ಅವನು.

ಹೀಗೆ ಕೇಳುತ್ತ ಇಬ್ಬರ ತಲೆಗೂ ಒಂದು ಹುಳ ಹೊಕ್ಕಿತು. ಅರಚುವ ರಾಕು, ಸಕ್ಕರೆಪಾಕದ ಪಾಪ್, ನೆಗಡಿಯವನು, ನಗುವ ಅಕ್ಕತಂಗಿಯರು, ಎಲ್ಲವನ್ನೂ ಕೊಂಡವನು ಎಂಥವನಿರಬಹುದು?

“ಒಬ್ಬನಲ್ಲ. ಗಂಡ ಹೆಂಡ್ತಿ ಇರ್ಬೇಕು. ಒಬ್ಬರದು ಕಂಡ್ರೆ ಇನ್ನೊಬ್ಬರಿಗೆ ಆಗ್ತಿರಲಿಲ್ಲ,” ಎಂದ ಅವನು.

“ಒಬ್ಬನೇ. ದಿನಕ್ಕೊಂದು ಮನಸ್ಸು ಇದ್ದವನು.”

“ಅದಿರಲಿ, ಲೇಬಲ್ ಯಾಕೆ ಸೊಟ್ಟ? ಇದರಲ್ಲಿ ನೋಡು, ಎರಡೂ ಬದಿಗೆ ‘ಎರಡನೇ ಬದಿ’ ಅಂತಲೇ ಅಂಟಿಸಿದ್ದಾರೆ. ಈ ಕವರಲ್ಲಿ ಹೆಂಗಸಿಗೆ ಎರಡು ಮೂಗು ಬಿದ್ದಿದೆ.”

“ಅಗ್ಗಕ್ಕೆ ಸಿಕ್ಕಿರ್ಬೇಕು ಬಿಡಿ.”

ಊಟದ ಹೊತ್ತಿಗೂ ಇದೇ ಮಾತು, ಹಾಸಿಗೆ ಮಡಿಸುವಾಗಲೂ ಇದೇ. ಕಿಟಕಿಯ ಪಕ್ಕದ ಕುರ್ಚಿ ಖಾಲಿಯಾಗಿದೆ ಎಂದು ಸೋಫಾ ಅಕ್ಕನಿಗೆ ಹೊಳೆದದ್ದು ಅದರ ಮೇಲೆ ಧೂಳು ಕಂಡಾಗ.

ಐದು ತಿಂಗಳು ಕಳೆದಿರಬಹುದು. ಒಂದು ಮಧ್ಯಾಹ್ನ ಎಪ್ಪತ್ತರ ಹತ್ತಿರದ ಹೆಂಗಸೊಬ್ಬರು ಬಾಗಿಲಲ್ಲಿ ನಿಂತರು. ಬೆನ್ನು ನೆಟ್ಟಗೆ, ಕನ್ನಡಕ ಮೂಗಿನ ತುದಿಯಲ್ಲಿ. ಮಾತಿಗೆ ಮೊದಲೇ ಟೀಚರ್ ಎಂದು ಹೇಳಬಹುದಿತ್ತು.

“ಹಳೆ ಸಾಮಾನಿನವರು ವಿಳಾಸ ಕೊಟ್ಟರಮ್ಮ. ನನ್ನ ತಮ್ಮ ತೀರಿಕೊಂಡ. ಅವನ ಮನೆ ಖಾಲಿ ಮಾಡೋವಾಗ ನಾನು ಆಸ್ಪತ್ರೆಯಲ್ಲಿದ್ದೆ, ಮೊಣಕಾಲಿನ ಆಪರೇಷನ್. ಎಲ್ಲ ಸಾಗಹಾಕಿಬಿಟ್ಟಿದ್ರು. ಒಂದು ರೇಡಿಯೋಗ್ರಾಮ್ ಇಲ್ಲಿಗೆ ಬಂದಿದೆ ಅಂದ್ರು.”

ಸೋಫಾ ಅಕ್ಕ ಗಂಡನ ಕಡೆ ನೋಡಿದಳು. ಅವನು ಕುರ್ಚಿಯಿಂದ ಎದ್ದು ನಿಂತಿದ್ದ. ಮುಖ ಸಪ್ಪಗಾಗಿತ್ತು. ಆದರೆ ಬಾಯಿ ಬಿಟ್ಟವನು ಅವನೇ. “ಹೌದಮ್ಮ, ಇಲ್ಲೇ ಇದೆ. ನಿಮ್ಮದನ್ನ ನೀವು ತಗೊಂಡು ಹೋಗಿ. ನಾವು ಹಾಳು ಮಾಡಿಲ್ಲ, ಬಟ್ಟೆ ಹೊಸದು ಹಾಕಿದ್ದೀವಿ.”

“ರೆಕಾರ್ಡು ನೋಡಬಹುದಾ?”

ಕುರ್ಚಿ ಕೊಟ್ಟರು. ಟೀಚರ್ ಮೊದಲನೆಯ ಕವರ್ ತೆಗೆದರು, ಚೀಟಿ ಜಾರಿ ಮಡಿಲಿಗೆ ಬಿತ್ತು. ಕನ್ನಡಕ ಸರಿಮಾಡಿಕೊಂಡು ಓದಿದರು. ಎರಡನೆಯದು ತೆಗೆದರು, ಅದನ್ನೂ ಓದಿದರು. ಉತ್ತರ ಪತ್ರಿಕೆ ತಿದ್ದುವವರಂತೆ ಒಂದಾದ ಮೇಲೊಂದು ಓದುತ್ತಲೇ ಹೋದರು. ಸೋಫಾ ಅಕ್ಕನಿಗೆ ನೆಲ ಬಾಯ್ಬಿಟ್ಟರೆ ಸಾಕೆನಿಸಿತು. ಸತ್ತವನ ಸಾಮಾನು, ಅದರಲ್ಲಿ ತಾವಿಬ್ಬರೂ ಮನಸ್ಸಿಗೆ ಬಂದದ್ದನ್ನೆಲ್ಲ ಗೀಚಿಟ್ಟಿದ್ದಾರೆ. “ಕ್ಷಮಿಸಿ ಅಮ್ಮ, ನಮಗೆ ಗೊತ್ತಿರಲಿಲ್ಲ...” ಎಂದಳು.

ಟೀಚರ್ ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆಂದುಕೊಂಡರೆ, ಅಲ್ಲ. “‘ಇವಳು ಫೋನ್ ಇಡಬಾರದೆ?’” ಎಂದು ಓದಿ, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನಗೆಯ ಕೊನೆಯಲ್ಲಿ ಸ್ವಲ್ಪ ಅಳುವೂ ಬಂತು.

ಗಂಡ ನೀರು ತಂದುಕೊಟ್ಟ. ಆಮೇಲೆ ತಡೆಯಲಾರದೆ ಕೇಳಿಯೇಬಿಟ್ಟ. “ಒಂದು ಮಾತು ಹೇಳಿ ಅಮ್ಮ. ಇವನ್ನೆಲ್ಲ ಕೊಂಡದ್ದು ಒಬ್ಬರೋ ಇಬ್ಬರೋ? ನಮ್ಮಿಬ್ಬರದು ಇದೇ ಜಗಳ.”

“ಕೊಳ್ಳೋದೆಲ್ಲಿ ಬಂತು?” ಎಂದರು ಟೀಚರ್. “ಅವನು ರೆಕಾರ್ಡ್ ಒತ್ತುವ ಕಾರ್ಖಾನೆಯಲ್ಲಿದ್ದ. ಲೇಬಲ್ಲು ಸೊಟ್ಟಗಾದದ್ದು, ಕವರಿನ ಬಣ್ಣ ಕದಡಿದ್ದು ಎಲ್ಲ ಪಕ್ಕಕ್ಕೆ ಹಾಕ್ತಿದ್ರು. ಬೇಕಾದವರು ಮನೆಗೆ ಒಯ್ಯಬಹುದಿತ್ತು. ಅವನು ಆರಿಸ್ತಾ ಇರಲಿಲ್ಲ. ಕೈಗೆ ಬಂದದ್ದನ್ನ ತರೋನು. ‘ಯಾರೋ ಕಷ್ಟಪಟ್ಟು ಮಾಡಿದ್ದು ಅಕ್ಕ, ಒಬ್ಬರಾದರೂ ಕೇಳಬೇಕಲ್ಲ’ ಅನ್ನೋನು.”

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಇಬ್ಬರೂ ಸೋತಿದ್ದರು, ಇಬ್ಬರಿಗೂ ಖುಷಿಯಾಯಿತು.

“ಮದುವೆ ಆಗಲಿಲ್ಲ ಅವನು,” ಟೀಚರ್ ಮುಂದುವರಿಸಿದರು. “ಭಾನುವಾರ ಫೋನ್ ಮಾಡೋನು. ನನ್ನ ಮೊಣಕಾಲು, ಅವನ ಬೆನ್ನು, ಬಿಸಿಲು, ಚಳಿ. ಇಷ್ಟೇ ಮಾತು. ನಲವತ್ತು ವರ್ಷ ಹಾಗೇ ಕಳೀತು. ಇದರಲ್ಲಿ ಅವನಿಗೆ ಯಾವುದು ಇಷ್ಟ ಇತ್ತು ಅಂತ ನಾನು ಒಂದು ಸಲಾನೂ ಕೇಳಲಿಲ್ಲ ನೋಡಿ. ಅದಕ್ಕೇ ಬಂದೆ. ನೋಡಿದ್ರೆ ಏನಾದರೂ ತಿಳಿಯತ್ತೇನೋ ಅಂತ. ಏನು ತಿಳಿಯತ್ತೆ, ಎಲ್ಲ ಒಂದೇ ಥರ ಕಾಣ್ತಾವೆ.”

ಕುರ್ಚಿ ನೋಡಿ ಕೂತವರ ಗುಣ ಹೇಳುವುದು ಸೋಫಾ ಅಕ್ಕನಿಗೆ ಹೊಸತಲ್ಲ. ಯಾವ ತೋಳು ಸವೆದಿದೆ, ಯಾವ ಬದಿ ತಗ್ಗಿದೆ, ಓದುವವರೋ ಮಲಗುವವರೋ ಎಲ್ಲ ಬಟ್ಟೆಯಲ್ಲಿ ಬರೆದಿರುತ್ತದೆ. ಇಷ್ಟು ದಿನ ಈ ರೆಕಾರ್ಡುಗಳನ್ನು ಕಿವಿಯಿಂದ ನೋಡಿದ್ದಳೇ ಹೊರತು ಕಣ್ಣಿಂದ ನೋಡಿರಲಿಲ್ಲ.

“ಕೊಡಿ ಇಲ್ಲಿ,” ಎಂದಳು.

ಇಪ್ಪತ್ತಮೂರನ್ನೂ ಕತ್ತರಿಸುವ ಮೇಜಿನ ಮೇಲೆ ಸಾಲಾಗಿ ಹರಡಿದಳು. ಕವರುಗಳ ಅಂಚಿನ ಮೇಲೆ ಬೆರಳಾಡಿಸುತ್ತ ಬಂದಳು. ಹೆಚ್ಚಿನವು ಚೂಪಾಗಿಯೇ ಇದ್ದವು. ಕೆಲವು ಮೆತ್ತಗಾಗಿದ್ದವು. ಒಂದರ ಬಲ ಮೂಲೆ ಮಾತ್ರ ರಟ್ಟಿನ ಪದರ ಬಿಟ್ಟುಕೊಂಡು ಬಟ್ಟೆಯಷ್ಟು ಮೃದುವಾಗಿತ್ತು. ಒಬ್ಬನ ಹೆಬ್ಬೆರಳು ವರ್ಷಗಟ್ಟಲೆ ಅಲ್ಲೇ ಹಿಡಿದು ಹಿಡಿದು ಆದ ಸವೆತ. ರೆಕಾರ್ಡನ್ನು ಬೆಳಕಿಗೆ ಓರೆ ಹಿಡಿದಳು. ಎರಡನೇ ಬದಿಯಲ್ಲಿ ಮೂರನೇ ಹಾಡಿನ ಗೆರೆಗಳು ಮಿಕ್ಕವುಗಳಿಗಿಂತ ಮಂಕಾಗಿದ್ದವು.

“ಇದು,” ಎಂದಳು. ಕವರ್ ತಿರುಗಿಸಿದಳು. ಮಂಜು, ಕಡಲತೀರ.

“ಅಯ್ಯೋ, ನೆಗಡಿಯವನು!” ಎಂದ ಗಂಡ. ಎಂದವನು ನಾಲಿಗೆ ಕಚ್ಚಿಕೊಂಡ.

ಟೀಚರ್ ಆ ಚೀಟಿಯನ್ನು ಆಗಲೇ ಓದಿದ್ದರು. “ಹಾಕಮ್ಮ,” ಎಂದರಷ್ಟೆ.

ಮೂವರೂ ಕೂತು ಕೇಳಿದರು. ಸಣಕಲು ದನಿ, ಪಿಟೀಲು, ಅದೇ ಮೂಗಿನ ರಾಗ. ಮೂರನೇ ಹಾಡು ಬಂದಾಗ ಸೋಫಾ ಅಕ್ಕ ಕೈಯಲ್ಲಿದ್ದ ಕವರನ್ನು ಕೆಳಗಿಟ್ಟಳು. ಪಿಟೀಲುಗಳೆಲ್ಲ ಹಿಂದೆ ಸರಿದು ಹಾಡುವವನು ಒಬ್ಬನೇ ಉಳಿಯುವ ಜಾಗವೊಂದಿತ್ತು. ದನಿ ಒಡೆಯುತ್ತದೆ, ಆದರೂ ಅವನು ನಿಲ್ಲಿಸುವುದಿಲ್ಲ, ಒಡೆದ ದನಿಯಲ್ಲೇ ಸಾಲು ಮುಗಿಸುತ್ತಾನೆ. ಮೊದಲ ಸಲ ಕೇಳಿದಾಗ ಇದನ್ನು ತಪ್ಪು ಎಂದು ಎಣಿಸಿದ್ದಳು. ಕಾರ್ಖಾನೆಯ ಸದ್ದಿನಿಂದ ಮನೆಗೆ ಬಂದು, ಒಬ್ಬನೇ ಕೂತು, ಈ ಜಾಗಕ್ಕಾಗಿ ಕಾಯುತ್ತಿದ್ದ ಗಂಡಸೊಬ್ಬನನ್ನು ಈಗ ಅವಳು ಕಂಡಂತಾಯಿತು.

ಹಾಡು ಮುಗಿಯಿತು. ಟೀಚರ್ ಕೇಳಿದರು, “ಈಗ ಹೇಗನ್ನಿಸ್ತು?”

ಸುಳ್ಳು ಹೇಳಬಹುದಿತ್ತು. ಸೋಫಾ ಅಕ್ಕ ಹೇಳಲಿಲ್ಲ. “ಆಲ್ಬಮ್ಮು ಈಗಲೂ ನನಗೆ ಹಿಡಿಸಲ್ಲಮ್ಮ. ಆದ್ರೆ ಆ ಒಂದು ಜಾಗ ಇದೆಯಲ್ಲ, ದನಿ ಒಡೆಯೋದು. ಅಲ್ಲಿ ನಿಮ್ಮ ತಮ್ಮ ಯಾಕೆ ಕೂರ್ತಿದ್ರು ಅಂತ ಅರ್ಥವಾಯ್ತು.”

“ನನಗೂ ಅಷ್ಟೇ ಅನ್ನಿಸ್ತು,” ಎಂದರು ಟೀಚರ್. “ಪಿಟೀಲು ಜಾಸ್ತಿ.” ಸೀಸದ ಕಡ್ಡಿ ಕೇಳಿ ತೆಗೆದುಕೊಂಡು ಚೀಟಿಯ ಮೇಲೆ ಮೂರನೇ ಸಾಲು ಬರೆದರು. ಏನು ಬರೆದರೆಂದು ಇವರು ಆಗ ನೋಡಲಿಲ್ಲ, ಅದು ಅವರ ಮನೆಯ ವಿಷಯ.

ಹೊರಡುವಾಗ ಟೀಚರ್ ರೇಡಿಯೋಗ್ರಾಮಿನ ಮಾತೆತ್ತಲಿಲ್ಲ. ಗಂಡನೇ ಎತ್ತಿದ. ಬಾಗಿಲ ತನಕ ಅವರ ಹಿಂದೆ ಹೋದ. ಅಪರಿಚಿತರ ಮುಂದೆ ಅಷ್ಟು ಮಾತಾಡಿದ್ದನ್ನು ಸೋಫಾ ಅಕ್ಕ ಎರಡು ವರ್ಷದಿಂದ ಕಂಡಿರಲಿಲ್ಲ.

“ಅಮ್ಮ, ನಾನು ಕೆಲಸ ಬಿಟ್ಟಮೇಲೆ ಮೇಲಿನ ಕಿಟಕಿ ಬಿಟ್ಟು ಎದ್ದಿರಲಿಲ್ಲ. ಇವಳು ಎಷ್ಟು ಕರೆದ್ರೂ ಇಳೀಲಿಲ್ಲ. ಇಳಿದದ್ದು ನಿಮ್ಮ ತಮ್ಮನ ರೆಕಾರ್ಡನ್ನ ಬೈಯೋಕೆ. ಅವರಿದ್ದಿದ್ರೆ ಕೈ ಮುಗೀತಿದ್ದೆ. ಈಗ ನಿಮಗೆ ಹೇಳ್ತಿದ್ದೀನಿ.”

ಸೋಫಾ ಅಕ್ಕ ಬೆನ್ನು ತಿರುಗಿಸಿ ನೂಲು ಹುಡುಕತೊಡಗಿದಳು. ನೂಲು ಕೈಯಲ್ಲೇ ಇತ್ತು.

ಟೀಚರ್ ಏನನ್ನೂ ಒಯ್ಯಲಿಲ್ಲ. “ನನ್ನ ಮನೆಯಲ್ಲಿ ಇದನ್ನ ಹಾಕೋಕೆ ಏನಿದೆ? ಇಲ್ಲೇ ಇರಲಿ. ನಾನು ಬಂದು ಕೇಳ್ತೀನಿ,” ಎಂದರು. ಬಂದರು ಕೂಡ. ಮೊದಲು ತಿಂಗಳಿಗೊಮ್ಮೆ, ಆಮೇಲೆ ಶನಿವಾರ ಶನಿವಾರ. ಅವರು ಬಂದಮೇಲೆ ಜಗಳಕ್ಕೆ ಮೂರನೆಯ ಪಕ್ಷ ಸಿಕ್ಕಿತು. ಕುಣಿಯುವ ಪಾಪ್ ಆಲ್ಬಮ್ಮಿನ ವಿಷಯದಲ್ಲಿ ಟೀಚರ್ ಗಂಡನ ಕಡೆ ಸೇರಿದ್ದನ್ನು ಸೋಫಾ ಅಕ್ಕ ಇಂದಿಗೂ ಒಪ್ಪಿಕೊಂಡಿಲ್ಲ.

ಚಳಿ ಮುಗಿದು ಬಿಸಿಲು ಹದವಾದ ಒಂದು ದಿನ ಮೂವರೂ ಬಸ್ಸು ಹತ್ತಿ ಆ ಕಾರ್ಖಾನೆ ಇದ್ದ ಜಾಗ ನೋಡಲು ಹೋದರು. ಟೀಚರ್ ಕೂಡ ಅದನ್ನು ಕಂಡವರಲ್ಲ. ತಗಡಿನ ಉದ್ದನೆ ಶೆಡ್ಡು, ಈಗ ಫ್ರಿಜ್ಜುಗಳ ಗೋಡೌನು. ಕಾವಲಿನವನು ಮೊದಲು ಒಳಗೆ ಬಿಡಲಿಲ್ಲ. ಗಂಡ ಅವನ ಪಕ್ಕ ನಿಂತು ಹತ್ತು ನಿಮಿಷ ಅದೂ ಇದೂ ಮಾತಾಡಿದ. ಗೇಟು ತೆರೆಯಿತು. ಒಳಗೆ ನೋಡಲು ಏನೂ ಇರಲಿಲ್ಲ. ಬಿಳಿ ಡಬ್ಬಗಳ ಸಾಲು, ಎತ್ತರದ ಕಿಟಕಿಗಳು, ನೆಲದಲ್ಲಿ ಯಂತ್ರ ಕೂರಿಸಿದ್ದ ಬೋಲ್ಟುಗಳ ಗುರುತು. ಟೀಚರ್ ಆ ಗುರುತುಗಳ ನಡುವೆ ನಿಧಾನವಾಗಿ ನಡೆದು ಒಂದು ಕಿಟಕಿಯ ಕೆಳಗೆ ನಿಂತರು. “ಬೆಳಕು ಚೆನ್ನಾಗಿದೆ. ಅವನು ಹೇಳಿರಲೇ ಇಲ್ಲ,” ಎಂದರು.

ಹಿಂದಕ್ಕೆ ಬರುವಾಗ ಬಸ್ಸಿನಲ್ಲಿ ಗಂಡನೂ ಟೀಚರೂ ಮುಂದಿನ ಸೀಟಿನಲ್ಲಿ ಕೂತು ಯಾವುದೋ ಡ್ರಮ್ಮಿನವನ ಬಗ್ಗೆ ಕಚ್ಚಾಡುತ್ತಿದ್ದರು. ಹಿಂದಿನ ಸೀಟಿನಲ್ಲಿ ಸೋಫಾ ಅಕ್ಕ ಒಬ್ಬಳೇ. ಕಂಡರಿಯದ ಮನುಷ್ಯನೊಬ್ಬ ಆರಿಸದೆ ಮನೆಗೆ ತಂದ ರೆಕಾರ್ಡುಗಳು, ಅವುಗಳಲ್ಲಿ ಹಾಡಿದವರು, ಬಾರಿಸಿದವರು, ಲೇಬಲ್ಲನ್ನು ಸೊಟ್ಟಗೆ ಅಂಟಿಸಿದ ಯಾರದೋ ಕೈ. ಎಲ್ಲರಿಗೂ ಒಟ್ಟಿಗೆ ಅವಳು ಮನಸ್ಸಿನಲ್ಲೇ ಕೈ ಮುಗಿದಳು. ಗಂಡ ತಿರುಗಿ, “ನೀನೇ ಹೇಳೇ, ಯಾರದು ಸರಿ?” ಎಂದ.

“ಇಬ್ಬರದೂ ತಪ್ಪು,” ಎಂದಳು ಸೋಫಾ ಅಕ್ಕ. ಸೀಟಿನ ಅಂಚು ಹಿಡಿದು, ಅವರ ಮಾತು ಸರಿಯಾಗಿ ಕೇಳಿಸಲೆಂದು ಮುಂದಕ್ಕೆ ಬಾಗಿ ಕೂತಳು.